ನೆಕ್ಕಿದ ಬಟ್ಟಲು

ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ನಿನ ಎರಡು ಬಾಟಲಿ ಇರುತ್ತವೆ. ಒಂದು ನಮ್ಮತ್ತೆ ಮುನಿರತ್ನಮ್ಮನವರದು, ಇನ್ನೊಂದು ಬೆಕ್ಕಿನದು. ಅದಲುಬದಲಾಗದಿರಲಿ ಅಂತ ಅತ್ತೆ ತಮ್ಮದಕ್ಕೆ ಕುಂಕುಮ ಇಟ್ಟುಕೊಂಡಿದ್ದಾರೆ. ಬೆಕ್ಕಿಗೂ ತಮಗೂ ಒಂದೇ ಕಾಯಿಲೆ ಅನ್ನುವುದು ಅವರಿಗೆ ದೊಡ್ಡ ಅವಮಾನ. ಬೀದಿಯವರು ಕೇಳಿದರೆ ತಮಗೆ ಬರೀ ಗ್ಯಾಸ್ಟ್ರಿಕ್ ಅನ್ನುತ್ತಾರೆ. ಸೂಜಿಯನ್ನೂ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ತಾವೇ ಚುಚ್ಚಿಕೊಳ್ಳುತ್ತಾರೆ.

ಬೆಕ್ಕು ಚಿಟ್ಟಿ. ಹೆಸರಿಗೆ ಚಿಟ್ಟಿ, ಮೈಯಲ್ಲಿ ಕುಂಬಳಕಾಯಿ. ಈ ಬೇಸಿಗೆಯಲ್ಲಿ ಹಸುವಿನ ಬಾನಿಗೇ ಮುಖ ಇಟ್ಟು ನೀರು ಕುಡಿಯತೊಡಗಿದ, ನೋಡನೋಡುತ್ತ ಇಳಿದುಹೋದ. ಆಂಡರ್ಸನ್‌ಪೇಟೆಗೆ ಬುಟ್ಟಿಯಲ್ಲಿ ಹೊತ್ತುಕೊಂಡು ಹೋದೆ. ಅಲ್ಲಿನ ಡಾಕ್ಟರ್ ಅರ್ಚನ ರಕ್ತ ನೋಡಿ ಸಕ್ಕರೆ ಕಾಯಿಲೆ ಅಂದರು, ಸೂಜಿ ಹಾಕುವುದನ್ನು ಕಲಿಸಿದರು. ಬಾಟಲಿ ಕುಲುಕಬಾರದು, ಅಂಗೈಗಳ ನಡುವೆ ಹೊರಳಿಸಬೇಕು. ಹೆಗಲ ಮೇಲಿನ ಸಡಿಲ ಚರ್ಮ ಎತ್ತಿ, ಅದರಡಿ ಎರಡೇ ಯೂನಿಟ್ ಬಿಡಬೇಕು. ಅದೆಲ್ಲ ಕೈಗೆ ಬಂತು. ಕೊನೆಗೆ ಅವರು ಹೇಳಿದ್ದು ಮಾತ್ರ ಮರೆಯುವ ಹಾಗಿರಲಿಲ್ಲ.

“ತಿಂದ ಮೇಲೇ ಹಾಕಿ. ತಿನ್ನದಿದ್ದರೆ ಸೂಜಿ ಮುಟ್ಟಬೇಡಿ, ನನಗೆ ಫೋನ್ ಮಾಡಿ. ಸಕ್ಕರೆ ಒಂದು ಹೊತ್ತು ಏರಿದರೆ ತಡೆದುಕೊಳ್ತಾನೆ. ಪೂರ್ತಿ ಇಳಿದುಬಿಟ್ಟರೆ ಉಳಿಯಲ್ಲ.”

ಅಂದಿನಿಂದ ನಾನು ಚಿಟ್ಟಿಯ ಬಟ್ಟಲನ್ನು ಪರೀಕ್ಷೆಯ ಫಲಿತಾಂಶ ನೋಡುವ ಹಾಗೆ ನೋಡುತ್ತೇನೆ.

ಅವತ್ತು ಶ್ರಾವಣ ಶನಿವಾರ. ಬೆಂಕಿ ಬಿದ್ದರೂ ನಮ್ಮ ಮನೆಗೆ ಅವತ್ತು ಮಾಂಸ ಬರುವಂತಿಲ್ಲ. ಆದರೆ ಚಿಟ್ಟಿಗೆ ಶನಿವಾರ ಭಾನುವಾರ ತಿಳಿಯುತ್ತದೆಯೇ? ಬೇಯಿಸಿದ ಕೋಳಿ ಬಿಟ್ಟು ಬೇರೆ ಏನನ್ನೂ ಅವನು ಮೂಸುವುದಿಲ್ಲ. ಹಿಂದಿನ ದಿನವೇ ಬೇಯಿಸಿ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಬೆಳಿಗ್ಗೆ ಕೊಟ್ಟಿಗೆಯ ಮೂಲೆಯಲ್ಲಿ ಬಟ್ಟಲಿಗೆ ಹಾಕಿ, ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೋದೆ.

ವಾಪಸು ಬಂದಾಗ ಬಟ್ಟಲು ನೆಕ್ಕಿ ಹೊಳೆಯುತ್ತಿತ್ತು. ಚಿಟ್ಟಿ ಪಕ್ಕದಲ್ಲೇ ಕೂತಿದ್ದ. ಜಾಣ ಕಂದ ಅಂತ ಮುದ್ದುಮಾಡಿ, ಸೂಜಿ ಹಾಕಿ ಬಿಟ್ಟೆ. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೂವು ತೊಳೆಯುತ್ತಿದ್ದರು. ತಮ್ಮದೂ ಆಯಿತು, ಬಾಳೆಹಣ್ಣು ತಿಂದು ಸೂಜಿ ಹಾಕಿಕೊಂಡೆ ಅಂದರು. ಸಿಪ್ಪೆ ಕಲ್ಲಿನ ಮೇಲಿತ್ತು.

ನಾನು ರಂಗೋಲಿ ಮುಗಿಸಿ, ಗುಡಿಸಿ, ಸ್ನಾನ ಮಾಡಿ ಬರುವ ಹೊತ್ತಿಗೆ ಅತ್ತೆ ದೇವರ ಮುಂದೆ ತಂಬಿಟ್ಟಿನ ದೀಪ ತಟ್ಟುತ್ತ ಕೂತಿದ್ದರು. ಪಾನಕಕ್ಕೆ ಹಿತ್ತಾಳೆ ಚೊಂಬಿನಲ್ಲಿ ಬೆಲ್ಲ ಕರಗುತ್ತಿತ್ತು.

“ಶ್ಯಾಮಲ, ಇವತ್ತೂ ಕೋಳಿ ಆಕಿದ್ದೆಯಲ್ಲಮ್ಮ ಆ ಬೆಕ್ಕಿಗೆ” ಅಂದರು. “ನಾನು ಮುಟ್ಟಲಿಲ್ಲ. ಪೊರಕೇಲಿ ಬಟ್ಲು ಗೇಟ್ ತಾವ್ಕೆ ತಳ್ಳಿದೆ. ನಾಯಿ ತಿನ್ಕೊಂಡು ಓಯ್ತು. ಆಮೇಲೆ ಬಟ್ಲು ಇದ್ದ ಜಾಗಕ್ಕೇ ತಳ್ಳಿದೆ.”

ನನ್ನ ಕಿವಿ ಗುಂಯ್ ಅಂದಿತು. ಅವರನ್ನು ಏನೆಂದೆನೋ ನೆನಪಿಲ್ಲ, ಒಳ್ಳೆಯ ಮಾತಂತೂ ಅಲ್ಲ. ಕೊಟ್ಟಿಗೆಗೆ ಓಡಿದೆ. ಚಿಟ್ಟಿ ಕಾಣಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ.

“ಮೊದಲು ಹುಡುಕಿ” ಅಂದರು. “ತೂರಾಡ್ತಿರ್ತಾನೆ. ಒಂದೇ ಕಡೆ ನೋಡ್ತಿರ್ತಾನೆ, ಕರೆದರೆ ಗೊತ್ತಾಗಲ್ಲ. ಬೆಲ್ಲದ ನೀರನ್ನ ಬೆರಳಲ್ಲಿ ವಸಡಿಗೆ ಸವರಿ. ಗಂಟಲಿಗೆ ಸುರಿಯಬೇಡಿ, ಉಸಿರಿಗೆ ಹೋಗುತ್ತೆ. ನುಂಗೋಕೆ ಶುರು ಮಾಡಿದರೆ ಊಟ ಕೊಟ್ಟು ಕರೆದುಕೊಂಡು ಬನ್ನಿ.”

ನನ್ನ ಗಂಡ ಕಾಂತರಾಜ್ ಆಗಲೇ ಬಂಗಾರಪೇಟೆಯಲ್ಲಿ ರೈಲು ಹತ್ತಿರಬೇಕು. ಇದ್ದವರು ನಾವಿಬ್ಬರೇ. ಮಂಚದ ಕೆಳಗೆ, ಅಟ್ಟದ ಮೇಲೆ, ಹುಲ್ಲಿನ ಮೆದೆಯ ಸುತ್ತ ಹುಡುಕಿದೆ. ಹಿತ್ತಿಲ ಗೋಡೆ ಹತ್ತಿ ನೋಡಿದರೆ ಉರಿಗಾಂ ಕಡೆ ಚಿನ್ನದ ಗಣಿಯವರು ಸುರಿದ ಸೈನೈಡ್ ಮಣ್ಣಿನ ದಿಬ್ಬದವರೆಗೂ ಒಂದು ಪ್ರಾಣಿ ಅಲುಗುತ್ತಿರಲಿಲ್ಲ. ಅವನು ಎಲ್ಲೋ ಬಿದ್ದು ಒದ್ದಾಡುತ್ತಿದ್ದಾನೆ, ನಾನೇ ಕೈಯಾರೆ ಚುಚ್ಚಿದ್ದು ಅವನ ಮೈಯಲ್ಲಿ ಇನ್ನೂ ಕೆಲಸ ಮಾಡುತ್ತಿದೆ ಅನ್ನಿಸಿದಾಗೆಲ್ಲ ಇನ್ನೂ ಜೋರಾಗಿ ಕರೆಯುತ್ತಿದ್ದೆ. ಎಷ್ಟು ಕರೆದರೂ ಸದ್ದಿಲ್ಲ.

ಅತ್ತೆಯೂ ಎದ್ದು ಬಂದರು. “ಚಿಟ್ಟಿ, ಬಾರಪ್ಪ” ಅಂತ ಮೆದೆ ಸುತ್ತಿದರು. ಆ ಬೆಕ್ಕನ್ನು ಅವರು ಹೆಸರು ಹಿಡಿದು ಕರೆದದ್ದು ನಾನು ಕೇಳಿಯೇ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅದೇ ಮೆದೆಯ ಹತ್ತಿರ ನಿಂತಿದ್ದರು.

“ಅಲ್ಲಿ ನೋಡಾಯ್ತಲ್ಲ ಅತ್ತಮ್ಮ.”

“ಎಲ್ಲಿ ನೋಡ್ದೆ? ನೀನೆಲ್ಲಿ ನೋಡ್ದೆ?” ಅಂತ ಗದರಿ, ಮೂರನೆಯ ಸಲ ಸುತ್ತತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಮಾಡುವುದೆಲ್ಲ ಮಾಡಿ ಈಗ ಪ್ರದಕ್ಷಿಣೆ ಬೇರೆ ಅಂದುಕೊಂಡೆ.

ಕೊನೆಗೆ ಮತ್ತೆ ಕೊಟ್ಟಿಗೆಗೆ ಬಂದಾಗ ಬೂಸಾ ಮೂಟೆಗಳ ಹಿಂದೆ ಬಾಲದ ತುದಿ ಕಂಡಿತು. ಮೂಟೆ ಎಳೆದೆ. ಚಿಟ್ಟಿ ಒಂದು ಪಕ್ಕಕ್ಕೆ ಮಲಗಿದ್ದ. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಮುಂಗಾಲು ನೀರಿನಲ್ಲಿ ಈಜುವ ಹಾಗೆ ಆಡುತ್ತಿತ್ತು.

“ಬೆಲ್ಲದ ನೀರು, ಅತ್ತಮ್ಮ, ಬೇಗ” ಅಂತ ಕೂಗಿದೆ.

ಅವರು ದೇವರ ಮುಂದಿನ ಚೊಂಬನ್ನೇ ತಂದರು. ನಾನದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಬೆರಳು ಅದ್ದಿ, ತುಟಿ ಸರಿಸಿ, ವಸಡಿಗೆ ಸವರಿದೆ. ತಣ್ಣಗಿತ್ತು ವಸಡು. ಮತ್ತೆ ಅದ್ದಿದೆ, ಮತ್ತೆ ಸವರಿದೆ. ಏನೂ ಆಗಲಿಲ್ಲ. ನಾನು ಅಳುತ್ತಲೇ ಸವರುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ನಾಲಿಗೆಯ ತುದಿ ಬೆರಳಿಗೆ ತಾಕಿತು. ಆಮೇಲೆ ನೆಕ್ಕಿದ. ನುಂಗಿದ.

“ಉಳ್ಕೊಂಡ ಅತ್ತಮ್ಮ” ಅಂದೆ.

ಅವರ ಬಳೆ ಚೊಂಬಿಗೆ ತಗುಲಿ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಹೆದರಿದ್ದಾರೆ ಅಂದುಕೊಂಡು ತಲೆ ಎತ್ತಿದೆ. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಕಣ್ಣು ತೆರೆದಿತ್ತು, ನನ್ನ ಮೇಲಿರಲಿಲ್ಲ, ಬೆಕ್ಕಿನ ಮೇಲೂ ಇರಲಿಲ್ಲ. ಆ ನೋಟವನ್ನು ನಾನು ಈಗಷ್ಟೇ ಮೂಟೆಯ ಹಿಂದೆ ಕಂಡಿದ್ದೆ.

“ಅತ್ತಮ್ಮ, ಬಾಳೆಹಣ್ಣು ತಿಂದೆ ಅಂದ್ರಲ್ಲ.”

“ಪೂಜೆಗೆ ಮುಂಚೆ ಎಂಗೆ ತಿನ್ಲಿ?” ನಾಲಿಗೆ ತೊದಲುತ್ತಿತ್ತು. “ಕೊಟ್ಟಿಗೆ ಅಸೂಗೆ ಕೊಟ್ಟೆ. ನಿಂಗೆ ಕಾಣ್ಲಿ ಅಂತ ಸಿಪ್ಪೆ ಸುಲ್ದು ಮಡಗ್ದೆ.”

ಹೇಳುತ್ತಲೇ ಅವರು ಮೂಟೆಗೆ ಒರಗಿ ಜಾರಿದರು. ಚೊಂಬನ್ನು ಹೇಗೋ ಹಿಡಿದುಕೊಂಡೆ. ತಳದಲ್ಲಿ ಸ್ವಲ್ಪ ಉಳಿದಿತ್ತು. ತುಟಿಯ ಹತ್ತಿರ ತಂದರೆ ಹಲ್ಲು ಕಚ್ಚಿ ಮುಖ ತಿರುಗಿಸಿದರು.

“ನೈವೇದ್ಯ ಆಗಿಲ್ಲ. ಬೆಕ್ಕಿನೆಂಜಲು.”

“ಆಗ್ಲಿ” ಅಂದೆ. ಅವರ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಅದೇ ಬೆರಳನ್ನು ಅದೇ ಬೆಲ್ಲದ ನೀರಿಗೆ ಅದ್ದಿ, ಅತ್ತೆಯ ತುಟಿ ಸರಿಸಿ, ವಸಡಿಗೆ ಸವರಿದೆ. ತಣ್ಣಗಿತ್ತು. ಮತ್ತೆ ಅದ್ದಿದೆ. ಹೆಸರು ಹಿಡಿದು ಕರೆಯಬಾರದವರನ್ನು ಮುನಿರತ್ನಮ್ಮ, ಮುನಿರತ್ನಮ್ಮ ಅಂತ ಕರೆಯುತ್ತ ನಾಲಿಗೆ ಅಲುಗುವುದನ್ನೇ ಕಾಯುತ್ತ ಕೂತೆ.