ಆಟದ ಅಕ್ಕ

ಪಾಂಡವಪುರದ ನಮ್ಮ ಶಾಲೆಯಲ್ಲಿ ಶನಿವಾರ ಮಕ್ಕಳು ಮನೆಗೆ ಹೊರಟ ಮೇಲೆ ಮೇಷ್ಟ್ರುಗಳ ಆಟ ಶುರುವಾಗುತ್ತಿತ್ತು. ತೊಂಬತ್ತಾರರಲ್ಲಿ ನನ್ನ ತಮ್ಮ ಮೈಸೂರಿನ ಹಾಸ್ಟೆಲಿನಲ್ಲಿ ಕಲಿತು ಬಂದು ನಮಗೂ ಹಿಡಿಸಿದ ಹುಚ್ಚು ಅದು. ಒಬ್ಬರು ಕಥೆ ಹೇಳಬೇಕು, ಉಳಿದವರು ಕಥೆಯೊಳಗಿನ ಜನರಾಗಿ ಮಾತಾಡಬೇಕು, ಗೆದ್ದರೋ ಸೋತರೋ ದಾಳ ಹೇಳುತ್ತದೆ. ಕಥೆ ಹೇಳುವವನು ನಾನು.

ಕನ್ನಡ ಮೇಷ್ಟ್ರು ಚಿಕ್ಕಸ್ವಾಮಿ ಪಾಳೆಗಾರನ ಕೋಟೆಗೆ ಕನ್ನ ಹಾಕುವ ಕಳ್ಳ. ಗಣಿತದ ಉಮ್ಮೆ ಹಾನಿ ಟೀಚರ್ ಆ ಕಳ್ಳನ ಅಕ್ಕ. ಸಿಕ್ಕಿಬಿದ್ದವನು ಕಥೆಯೊಳಗಿನ ನೆಂಟರನ್ನು ಕೂಗಬಹುದು; ಅವರು ಒಪ್ಪಿದರೆ ಅವನ ಪರವಾಗಿ ಇನ್ನೊಮ್ಮೆ ದಾಳ ಹಾಕುತ್ತಾರೆ. ಈ ಪುಣ್ಯಾತ್ಮ ಚಿಕ್ಕಸ್ವಾಮಿ ಕಥೆಯಲ್ಲಿ ನಾಯಿ ಬೊಗಳಿದರೂ ಅಕ್ಕನನ್ನು ಕೂಗುತ್ತಿದ್ದ. ಆಕೆ ನಗುತ್ತಾ ದಾಳ ಹಾಕುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಹೊಣಕೆರೆಯಲ್ಲಿ ಅವನ ಒಡಹುಟ್ಟಿದ ಅಕ್ಕ ಪುಟ್ಟಗೌರಮ್ಮ ಇದ್ದಳು. ಭಾವನ ಜೊತೆ ಜಗಳವಾಡಿಕೊಂಡಿದ್ದ ಇವನು, ಆ ಭಾವ ಸತ್ತಾಗ ಮಣ್ಣಿಗೂ ಹೋಗಿರಲಿಲ್ಲ, ಅವ್ವನನ್ನೂ ಹೋಗಗೊಟ್ಟಿರಲಿಲ್ಲ.

ಆ ಅವ್ವ ಹಾಸಿಗೆ ಹಿಡಿದಳು. ಕಣ್ಣು ಆಗಲೇ ಹೋಗಿತ್ತು. ಗೌರಿಯನ್ನು ಕರೆಸು ಎಂಬುದೊಂದೇ ಮಾತು. ಚಿಕ್ಕಸ್ವಾಮಿ ಹೊಣಕೆರೆಗೆ ಹೋದ. ಪುಟ್ಟಗೌರಮ್ಮ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ನನಗೆ ತವರಿಲ್ಲ ಎಂದು ಒಳಗೆ ಹೋದಳಂತೆ. ಮಾರನೆಯ ದಿನ ಅವನು ಸ್ಟಾಫ್ ರೂಮಿನಲ್ಲಿ ಉಮ್ಮೆ ಹಾನಿಯವರ ಮುಂದೆ ನಿಂತ.

‘ಒಂದ್ಸಲ ನಮ್ಮವ್ವನ ಮುಂದೆ ಅಕ್ಕ ಆಗ್ಬುಡಿ, ಟೀಚರ್.’

ಇದೇನು ಆಟವೇನಯ್ಯಾ ಎಂದು ನಾನು ರೇಗಿದೆ. ಆಕೆ ಮಾತ್ರ ಬ್ಯಾಗು ತೆಗೆದುಕೊಂಡು ಎದ್ದರು. ಮನಸ್ಸು ತಡೆಯದೆ ನಾನೂ ಹೋದೆ.

ಮುದುಕಿಯ ಪಕ್ಕ ಕೂತು, ಒಣಗಿದ ಕೈ ಹಿಡಿದು, ಟೀಚರ್ ಮೆಲ್ಲಗೆ ಕೇಳಿದರು: ‘ಅವ್ವ, ನಾನು ಗೌರಿ. ಎಂಗಿದ್ದೀರವ್ವ?’

ಟೀಚರ್ ಅಲ್ಲೇ ಎಡವಿದ್ದರು. ಉಮ್ಮೆ ಹಾನಿಯವರ ಮನೆಯಲ್ಲಿ ತಾಯಿಗೆ ಬಹುವಚನವೇ. ನಮ್ಮ ಕಡೆ ಹೆತ್ತವ್ವನನ್ನು ನೀವು ಅನ್ನುವ ಮಗಳು ಎಲ್ಲಿದ್ದಾಳೆ? ಚಿಕ್ಕಸ್ವಾಮಿಗೆ ಅದು ಕೇಳಿಸಲಿಲ್ಲ, ಕಾಫಿ ಮಾಡಲು ಅಡುಗೆಮನೆಗೆ ಓಡಿದ್ದ.

ಮುದುಕಿ, ‘ನೀವು ಯಾರ ಮಗಳು, ತಾಯಿ?’ ಎಂದಳು.

ಟೀಚರ್ ಅತ್ತುಬಿಟ್ಟರು. ಮುದುಕಿ ಅವರ ಕೈ ಸವರುತ್ತಾ ದನಿ ತಗ್ಗಿಸಿದಳು. ‘ಅಳ್ಬೇಡಿ. ಅವಳು ಬರಕ್ಕಿಲ್ಲ ಅಂತ ನಂಗೊತ್ತು. ಅವಳ ಗಂಡ ಸತ್ತಾಗ ನಾ ಓಗ್ನಿಲ್ವಲ್ಲ. ಇವನ್ಗೆ ಮಾತ್ರ ಏಳ್ಬೇಡಿ, ನೊಂದ್ಕತಾನೆ.’

ಚಿಕ್ಕಸ್ವಾಮಿ ಲೋಟ ಹಿಡಿದು ಬಂದ. ಅವ್ವ ಹೆಜ್ಜೆ ಸದ್ದಿನ ಕಡೆಗೆ ಮುಖ ತಿರುಗಿಸಿದಳು.

‘ಗೌರಿ ಬಂದವಳೆ ಕಣ್ಲಾ. ನಂಗಿನ್ನೇನೂ ಬ್ಯಾಡ.’

ಅವನು ಅಲ್ಲೇ ಕುಸಿದು ಕೂತು ಮಗುವಿನಂತೆ ಅತ್ತ. ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಆ ವಾರವೇ ಮುದುಕಿ ತೀರಿಕೊಂಡಳು. ಕೊನೆಯವರೆಗೂ ಬಾಗಿಲು ಸದ್ದಾದಾಗಲೆಲ್ಲ ಯಾರು ಬಂದರು ಎಂದು ಕೇಳುತ್ತಿದ್ದಳಂತೆ. ಪಾಪ, ಅರಳುಮರಳು ಅಂದುಕೊಂಡಿದ್ದಾನೆ ಚಿಕ್ಕಸ್ವಾಮಿ. ಮಗಳು ಬಂದಳೆಂಬ ನೆಮ್ಮದಿಯಲ್ಲೇ ಅವ್ವ ಹೋದಳು ಎಂದು ಇವತ್ತಿಗೂ ಹೇಳುತ್ತಾನೆ. ನಾನು ಹೌದಪ್ಪ ಅನ್ನುತ್ತೇನೆ.