ಶುಕ್ರವಾರದ ಸಂತೆ ನಿಲ್ಲಿಸಿದ ಅಪ್ಪ

ಇಂಗ್ಲಿಷ್ ಪರೀಕ್ಷೆಯಲ್ಲಿ ತೊಂಬತ್ತು ಅಂಕ. ಮನೆಗೆ ಬಂದವರು ಇಂಗ್ಲಿಷಿನಲ್ಲಿ ಒಂದು ಮಾತು ಕೇಳಿದರೆ ಅಮ್ಮನ ಬೆನ್ನ ಹಿಂದೆ. ಇಂಥ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ದಿಲ್ಲಿಯ ಲೋಧಿ ಕಾಲೋನಿಯ ಕೇಶವಮೂರ್ತಿಗಳ ಮನೆಯಲ್ಲಿ ಒಬ್ಬಳಿದ್ದಳು, ಆರನೇ ತರಗತಿಯ ಅದಿತಿ. ಬೀದಿಯಲ್ಲಿ ಪಟಪಟ ಹಿಂದಿ, ಮನೆಯಲ್ಲಿ ಅರೆಬರೆ ಕನ್ನಡ. ಇಂಗ್ಲಿಷ್ ಮಾತ್ರ ನೋಟ್‌ಬುಕ್ಕಿನಿಂದ ಹೊರಗೆ ಕಾಲಿಡುತ್ತಿರಲಿಲ್ಲ.

ಆ ವರ್ಷ ಅವಳ ಶಾಲೆಗೆ ಮೈತ್ರೇಯಿ ಎಂಬ ಹೊಸ ಟೀಚರ್ ಬಂದರು. ಶುಕ್ರವಾರದ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬೆಂಚು ಸರಿಸಿ ಸಂತೆ ಹೂಡಿದರು. ಅರ್ಧ ಮಕ್ಕಳು ಅಂಗಡಿಯವರು, ಅರ್ಧ ಗಿರಾಕಿಗಳು. ಚೌಕಾಸಿಯೆಲ್ಲ ಇಂಗ್ಲಿಷಿನಲ್ಲೇ. ಒಬ್ಬರು ಮಾತಾಡುವಾಗ ನಡುವೆ ಯಾರೂ ತಿದ್ದಬಾರದು, ನಗಬಾರದು. ತಪ್ಪುಗಳನ್ನು ಟೀಚರ್ ಕೊನೆಯಲ್ಲಿ, ಯಾರ ಹೆಸರೂ ಎತ್ತದೆ, ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದರು.

ಮೂರನೇ ಶುಕ್ರವಾರ ಅದಿತಿ ಶೂ ಬಿಚ್ಚುವ ಮೊದಲೇ ಶುರುಮಾಡಿದಳು.

"ಅಪ್ಪಾ, ಟುಡೇ ಐ ಸೆಲ್ ಆಲ್ ಬೈಂಗನ್! ದಟ್ ಕಿರಣ್, ಹೀ ನಾಟ್ ಗಿವಿಂಗ್ ಮನಿ. ಐ ಸೇ, ಗೋ, ಗೋ!"

ತಾಯಿ ಲಾವಣ್ಯಾ ನಕ್ಕು ನಕ್ಕು ಸುಸ್ತಾದರು. ಮಗಳ ಬಾಯಲ್ಲಿ ಅಷ್ಟು ಇಂಗ್ಲಿಷ್ ಕೇಳಿದ್ದು ಅದೇ ಮೊದಲು. ಕೇಶವಮೂರ್ತಿಗಳ ಹುಬ್ಬು ಮಾತ್ರ ಗಂಟಿಕ್ಕಿತು.

"ಸೆಲ್ ಅಲ್ಲ, ಸೋಲ್ಡ್. ಮೊದಲಿಂದ ಹೇಳು."

ಅದಿತಿ ಮೊದಲಿಂದ ಹೇಳಿದಳು. ಎರಡನೇ ವಾಕ್ಯಕ್ಕೆ ಮತ್ತೆ ತಡೆದರು. ಮೂರನೆಯದು ಬರಲೇ ಇಲ್ಲ. "ಚಲೋ, ರೆಹನೇ ದೋ, ಬಿಡಿ ಅಪ್ಪಾ" ಎಂದು ಹುಡುಗಿ ಒಳಗೆ ನಡೆದಳು.

ಇಪ್ಪತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಿರಿಯರ ಟಿಪ್ಪಣಿ ತಿದ್ದಿ ತಿದ್ದಿ ಪಳಗಿದ ಕೈ ಅವರದು. ಒಂದು ಅಲ್ಪವಿರಾಮ ಆಚೀಚೆಯಾದರೂ ಫೈಲು ವಾಪಸ್. ಮಗಳನ್ನೂ ಫೈಲು ಮಾಡಿಕೊಂಡರು, ಪುಣ್ಯಾತ್ಮರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನೋಟ್‌ಬುಕ್ ತೆರೆದು ನೋಡಿದರು. ಶುಕ್ರವಾರದ ಪುಟಗಳೆಲ್ಲ ಖಾಲಿ.

"ಇವಳನ್ನ ಶಾಲೆಗೆ ಕಳಿಸೋದು ಬದನೆಕಾಯಿ ಮಾರೋದಕ್ಕಾ?"

"ಮಗು ಬಾಯಿ ಬಿಡ್ತಿದೆಯಲ್ಲ, ಬಿಡಿ ರೀ," ಎಂದರು ಲಾವಣ್ಯಾ.

"ತಪ್ಪು ಮಾತಾಡೋದಕ್ಕಿಂತ ಸುಮ್ಮನಿರೋದು ವಾಸಿ."

ಅದಿತಿ ಬಾಗಿಲ ಹತ್ತಿರವೇ ನಿಂತಿದ್ದಳು. ಅವರು ನೋಡಲಿಲ್ಲ.

ಪ್ರಿನ್ಸಿಪಾಲರಿಗೆ ಒಂದು ದೂರು ಬರೆದರು. ಹನ್ನೊಂದು ಮಂದಿ ಪೋಷಕರ ಸಹಿ ಹಾಕಿಸಿದರು. ಇಂಗ್ಲಿಷ್ ಅಂದರೆ ಅಂಥ ಇಂಗ್ಲಿಷ್, ಓದಿದವರಿಗೆ ಇಲ್ಲವೆನ್ನಲು ದಾರಿಯೇ ಇರಲಿಲ್ಲ. ಸಂತೆ ನಿಂತಿತು. ಶುಕ್ರವಾರದ ಪುಟಗಳು ವ್ಯಾಕರಣದ ಅಭ್ಯಾಸಗಳಿಂದ ತುಂಬಿದವು. ಗೆದ್ದ ಖುಷಿಗೆ ಅವರು ಜಿಲೇಬಿಯನ್ನೂ ತಂದರು.

ಡಿಸೆಂಬರಿನಲ್ಲಿ ವಿಜ್ಞಾನ ಪ್ರದರ್ಶನ. ಅದಿತಿ ಒಂದು ತಿಂಗಳು ಕೂತು ಮರಳು, ಇದ್ದಿಲು, ಹತ್ತಿಯಿಂದ ಕೊಳೆ ನೀರು ಸೋಸುವ ಮಾದರಿ ಮಾಡಿದ್ದಳು. ಯಾರ ಸಹಾಯವನ್ನೂ ಕೇಳಿರಲಿಲ್ಲ. ತೀರ್ಪು ಕೊಡಲು ಬಂದಾಕೆ ಶಿಲ್ಲಾಂಗಿನವರು, ಹಿಂದಿ ಅಷ್ಟಕ್ಕಷ್ಟೆ. ಇದ್ದಿಲು ಯಾಕೆ ಹಾಕಿದೆ ಎಂದು ಇಂಗ್ಲಿಷಿನಲ್ಲಿ ಅಕ್ಕರೆಯಿಂದಲೇ ಕೇಳಿದರು. ಅದಿತಿಗೆ ಉತ್ತರ ಗೊತ್ತಿತ್ತು. ಬಾಯಿ ತೆರೆದಳು. ಪಕ್ಕದಲ್ಲಿದ್ದ ಅಪ್ಪನ ಮುಖ ನೋಡಿದಳು. ಬಾಯಿ ಮುಚ್ಚಿದಳು. ಆಕೆ ಸ್ವಲ್ಪ ಹೊತ್ತು ಕಾದು, ಬೆನ್ನು ತಟ್ಟಿ ಮುಂದಿನ ಮೇಜಿಗೆ ಹೋದರು.

ಆಟೋದಲ್ಲಿ ಕೇಶವಮೂರ್ತಿಗಳು ಕೇಳಿದರು: "ಗೊತ್ತಿತ್ತಲ್ಲ ಪುಟ್ಟಿ, ಯಾಕೆ ಹೇಳಲಿಲ್ಲ?"

"ಗಲತ್ ಹೋ ಜಾತಾ, ಅಪ್ಪಾ. ತಪ್ಪು ಮಾತಾಡೋದಕ್ಕಿಂತ ಸುಮ್ಮನಿರೋದು ವಾಸಿ ಅಂತ ನೀವೇ ಹೇಳಿದ್ದು."

ಸಂಜೆ ಕೇಶವಮೂರ್ತಿಗಳು ಕೆಳಮನೆಯ ಇಂದಿರಮ್ಮನವರ ಹತ್ತಿರ ಹೋಗಿ ಕೂತರು. ಆಕೆ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಎಲ್ಲವನ್ನೂ ಕೇಳಿಸಿಕೊಂಡರು.

"ಮೂರ್ತಿ, ದಿಲ್ಲಿಗೆ ಬಂದಾಗ ನೀನು ಹಿಂದಿ ಹೇಗೆ ಕಲಿತೆ?"

"ಮಾತಾಡ್ತಾ ಮಾತಾಡ್ತಾ ಬಂತಮ್ಮ."

"ಈಗಲೂ ಹತ್ತು ಮಾತಿಗೆ ಐದು ತಪ್ಪು ನಿನ್ನದು. ಮೊದಲು ವಾಕ್ಯ ಸರಿಮಾಡಿ, ಆಮೇಲೆ ಟೊಮ್ಯಾಟೊ ಕೊಡ್ತೀನಿ ಅಂತ ಸಬ್ಜಿ ಭಯ್ಯಾ ಯಾವತ್ತಾದರೂ ಅಂದನಾ?"

ಉತ್ತರಕ್ಕೆ ಕಾಯದೆ ಇಂದಿರಮ್ಮನವರೇ ಮುಂದುವರಿಸಿದರು.

"ನೀರಿಗಿಳಿಯದೆ ಈಜು ಬರಲ್ಲಪ್ಪ. ವ್ಯಾಕರಣ ಬೇಕು, ಬರೆಯೋದೂ ಬೇಕು. ಆದರೆ ಮಾತು ಬರೋದು ಮಾತಾಡಿದರೆ ಮಾತ್ರ. ಆ ಟೀಚರ್ ಮಕ್ಕಳನ್ನ ನೀರಿಗಿಳಿಸಿದ್ದಳು. ನೀನು ದಡಕ್ಕೆ ಎಳೆದು ಹಾಕಿದೆ."

ಮರುದಿನವೇ ದೂರನ್ನು ಹಿಂದಕ್ಕೆ ಪಡೆಯಲು ಶಾಲೆಗೆ ಹೋದರು. ಮೈತ್ರೇಯಿ ಟೀಚರ್ ಆಗಲೇ ಆ ಕೆಲಸ ಬಿಟ್ಟು, ದ್ವಾರಕಾದ ಶಾಲೆಯೊಂದಕ್ಕೆ ಸೇರಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಂಬರ್ ಹುಡುಕಿ ಫೋನ್ ಮಾಡಿದರು.

"ಮೇಡಂ, ನನ್ನಿಂದ ತಪ್ಪಾಯ್ತು."

"ಆ ಪತ್ರ ಓದಿ ತುಂಬಾ ಅತ್ತಿದ್ದೆ ಸರ್. ಅಚ್ಛಾ, ಹೋಗಲಿ. ಅದಿತಿ ಹೇಗಿದ್ದಾಳೆ?"

"ಇಂಗ್ಲಿಷ್ ಮಾತೇ ಬಿಟ್ಟಿದ್ದಾಳೆ."

"ಹಾಗಾದರೆ ಮನೆಯಲ್ಲೇ ದಿನಾ ಹತ್ತು ನಿಮಿಷ ಕೊಡಿ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ. ಅವಳ ಕೈಲಿ ಒಂದು ಚಿತ್ರ ಇರಲಿ. ಅದರಲ್ಲಿ ಏನೇನಿದೆ ಅಂತ ಅವಳು ಇಂಗ್ಲಿಷಿನಲ್ಲಿ ಹೇಳಲಿ, ನೀವು ಕೇಳಿಸ್ಕೊಂಡು ಬಿಡಿಸಿ. ತಿಳೀಲಿಲ್ಲ ಅಂದರೆ ಕೇಳಿ, ತಿದ್ದಬೇಡಿ. ಸರಿಯಾದ್ದನ್ನ ನಿಮ್ಮ ಮಾತಲ್ಲಿ ಹೇಳ್ತಾ ಹೋಗಿ, ಅವಳ ಕಿವಿಗೆ ತಾನೇ ಬೀಳುತ್ತೆ."

ಆ ಸಂಜೆ ಅಪ್ಪ ಮಗಳು ಚಾಪೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಅವಳ ಕೈಲಿ ಚಿತ್ರ, ಅಪ್ಪನ ಕೈಲಿ ಪೆನ್ಸಿಲ್.

"ದೇರ್ ಇಸ್... ಒನ್ ಹೌಸ್."

"ವೇರ್ ಇಸ್ ದ ಹೌಸ್?"

"ನಿಯರ್ ಟ್ರೀ. ಟ್ರೀ ಇಸ್ ವೆರಿ ಫ್ಯಾಟ್."

ತಪ್ಪುಗಳೆಲ್ಲ ಕೇಶವಮೂರ್ತಿಗಳ ನಾಲಗೆಯ ತುದಿಗೆ ಬಂದವು. ನುಂಗಿಕೊಂಡು ಒಂದು ದಪ್ಪ ಮರ ಬರೆದರು. ಆಮೇಲೆ ಬಾವಿ ಬಂತು, ನಾಯಿ ಬಂತು, ನಾಯಿಯ ಬಾಯಲ್ಲಿ ಯಾರದೋ ಚಪ್ಪಲಿ ಬಂತು. ಮಾತು ಹರಿಯತೊಡಗಿತು. ಖುಷಿ ತಡೆಯಲಾರದೆ ಅವರು ತಿರುಗಿ ಮಗಳನ್ನು ನೋಡಿದರು. ಅದಿತಿ ಥಟ್ಟನೆ ಸುಮ್ಮನಾದಳು.

ಕೇಶವಮೂರ್ತಿಗಳು ಮತ್ತೆ ಗೋಡೆಯ ಕಡೆಗೆ ತಿರುಗಿ ಕೂತರು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಮಾತು ಮತ್ತೆ ಶುರುವಾಯಿತು.

ಈಗ ಅವರು ಆ ಹನ್ನೊಂದು ಮನೆಗಳಿಗೂ ಹೋಗಿ, ಸಂತೆ ಮತ್ತೆ ಬೇಕು ಎಂದು ಸಹಿ ಹಾಕಿಸುತ್ತಿದ್ದಾರೆ. ಮನೆಯಲ್ಲಿ ಮಾತ್ರ ಇನ್ನೂ ಗೋಡೆ ನೋಡುತ್ತಲೇ ಕೂರುತ್ತಾರೆ.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗುವಿನ ಇಂಗ್ಲಿಷ್ ತರಗತಿಯಿಂದ ಆಟದ ಗಲಾಟೆ ಕೇಳಿಬಂದರೆ ದೂರು ಬರೆಯಬೇಡಿ. ಬಾಗಿಲಲ್ಲಿ ನಿಂತು ಒಂದು ಗಳಿಗೆ ಕಿವಿಗೊಡಿ, ಮಕ್ಕಳು ಕಲಿಯುತ್ತಿದ್ದಾರೆ. ಮನೆಯಲ್ಲಿ ಮಗು ತಪ್ಪು ತಪ್ಪಾಗಿ ಮಾತಾಡಿದರೆ ಪೂರ್ತಿ ಮಾತಾಡಲು ಬಿಡಿ. ನಿಮ್ಮ ಮುಖ ನೋಡುತ್ತಾ ಅದು ಇನ್ನೂ ಮಾತಾಡುತ್ತಿದೆ ಎಂದರೆ, ಅದು ನಿಮ್ಮ ಭಾಗ್ಯ. ದಯವಿಟ್ಟು ಕಳೆದುಕೊಳ್ಳಬೇಡಿ.