ಡಾಕ್ಟರಮ್ಮನ ಕೊನೆಯ ಪ್ರಶ್ನೆ

ಇವತ್ತು ಯಾವ ವಾರ, ಇದು ಯಾವ ಊರು, ಮಕ್ಕಳ ಹೆಸರೇನು ಎಂದು ಸುರಾತ್ಮಿ ಬೆಳಗಿನಿಂದ ಗಂಡ ವಾಗಿಮಾನನಿಗೆ ಗಿಳಿಪಾಠ ಮಾಡಿಸಿದ್ದಳು. ಕ್ಲಾತೆನ್ ಊರಿನ ಆರೋಗ್ಯ ಕೇಂದ್ರದಲ್ಲಿ ಹಜ್‌ಗೆ ಹೊರಟ ಮುದುಕರ ಮೈಯಷ್ಟೇ ಅಲ್ಲ, ಬುದ್ಧಿಯನ್ನೂ ಪರೀಕ್ಷಿಸುತ್ತಿದ್ದರು. ಮರೆವಿನವರಿಗೆ ವಿಮಾನವಿಲ್ಲ. ಸೋಯಾಕಾಳಿನ ಟೆಂಪೆ ಬಿಲ್ಲೆ ಮಾರಿ ದುಡ್ಡು ಕೂಡಿಟ್ಟು ಇಬ್ಬರೂ ಹಜ್‌ಗೆ ಹೆಸರು ಬರೆಸಿದಾಗ ವಾಗಿಮಾನನ ತಲೆಗೂದಲು ಕಪ್ಪಗಿತ್ತು. ವರ್ಷಗಟ್ಟಲೆ ಕಾದು ಸರದಿ ಬರುವಷ್ಟರಲ್ಲಿ ಮರೆವೂ ಬಂತು. ಆ ಸರದಿಗಿಷ್ಟು ಬೆಂಕಿ ಬೀಳಲಿ, ಅದೇನು ಮನುಷ್ಯರ ಆಯುಸ್ಸು ನೋಡಿ ನಡೆಯುತ್ತದೆಯೇ?

ಸಾಲದ್ದಕ್ಕೆ ಸುರಾತ್ಮಿ ಆತುರಪಟ್ಟು ಬೀಳ್ಕೊಡುಗೆಯ ಊಟವನ್ನೂ ಹಾಕಿಸಿಬಿಟ್ಟಿದ್ದಳು. ಓಣಿಯವರೆಲ್ಲ ಮೇಕೆ ಸಾರು ಉಂಡು, ನಮ್ಮ ಬೇಡಿಕೆಯನ್ನೂ ಮಕ್ಕಾದಲ್ಲಿ ಹೇಳಿಬನ್ನಿ ಎಂದು ವಾಗಿಮಾನನ ಕೈ ಹಿಡಿದು ಹೋಗಿದ್ದರು. ಈಗ ಹೋಗುವುದಿಲ್ಲ ಎಂದರೆ ಮುಖ ಎಲ್ಲಿಟ್ಟುಕೊಳ್ಳುವುದು?

ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಂದೊಂದೇ ಕೇಳಿದಳು. ಪಕ್ಕದಲ್ಲಿ ಕೂತ ಸುರಾತ್ಮಿ ಕಲಿಸಿದ ಉತ್ತರಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ವಾಗಿಮಾನ್ ವಾರ ಹೇಳಿದ, ಊರು ಹೇಳಿದ, ಮಕ್ಕಳ ಹೆಸರನ್ನು ತಡವರಿಸದೆ ಒಪ್ಪಿಸಿದ. ಗಡಿಯಾರ ಬರೆಯಿರಿ ಎಂದಾಗ ಮುಳ್ಳುಗಳನ್ನು ಯೋಚಿಸಿ ಯೋಚಿಸಿ ಇಟ್ಟ, ಆದರೂ ಸರಿಯಾಗಿಯೇ ಇಟ್ಟ. ಡಾಕ್ಟರಮ್ಮ ಒಪ್ಪಿಗೆಯ ಮೊಹರು ಕೈಗೆತ್ತಿಕೊಂಡಳು.

“ಆಯ್ತು ಅಜ್ಜ. ಮಕ್ಕಾಗೆ ಹೊರಡೋಕೆ ತಯಾರಾ?”

“ಮತ್ತೆ ಯಾಕಮ್ಮ?” ಎಂದು ವಾಗಿಮಾನ್ ನಕ್ಕ. “ಹೋಗಿ ಬಂದಾಯ್ತಲ್ಲ. ಕಾಬಾ ಸುತ್ತಿದೆ, ಅತ್ತೂಬಿಟ್ಟೆ. ಕಾಯ್ತಾ ಇರೋರು ಎಷ್ಟೋ ಜನ ಇದಾರೆ, ನನ್ನ ಜಾಗ ಅವರಿಗೆ ಕೊಡಿ.”

ಮೊಹರು ಗಾಳಿಯಲ್ಲೇ ನಿಂತಿತು. ಸುರಾತ್ಮಿಗೆ ತಟ್ಟನೆ ಹೊಳೆಯಿತು. ಹೋದ ವಾರ ಶಾಲೆಯ ಮೈದಾನದಲ್ಲಿ ಹಜ್ ತಾಲೀಮು ನಡೆದಿತ್ತು. ಎಲ್ಲರೂ ಬಿಳಿ ಬಟ್ಟೆ ಉಟ್ಟು, ಮರದ ಹಲಗೆ ಜೋಡಿಸಿ ಕಪ್ಪು ಬಟ್ಟೆ ಹೊದಿಸಿದ ನಕಲಿ ಕಾಬಾವನ್ನು ಸುತ್ತಿದ್ದರು. ಗಂಡ ಅಲ್ಲಿ ಬಿಕ್ಕಿ ಬಿಕ್ಕಿ ಅತ್ತಾಗ ಅವಳು ಭಕ್ತಿ ಎಂದುಕೊಂಡಿದ್ದಳು. ಅಂದಿನಿಂದ ಅವನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದುದೂ ಈಗ ನೆನಪಾಯಿತು.

ಅಜ್ಜ ತಮಾಷೆ ಮಾಡುತ್ತಿದ್ದಾರಾ ಎಂದು ಡಾಕ್ಟರಮ್ಮ ಸುರಾತ್ಮಿಯನ್ನು ಕೇಳಿದಳು. ಹೌದು ಎಂದರೆ ಸಾಕಿತ್ತು, ಮೊಹರು ಬೀಳುತ್ತಿತ್ತು. ಆದರೆ ಆ ಜನಸಾಗರದಲ್ಲಿ ಅವನ ಕೈ ತಪ್ಪಿದರೆ? ಇಲ್ಲ, ಇದು ಮರೆವು ಎಂದರೆ, ನೀನು ಸುತ್ತಿದ್ದು ಬರೀ ಹಲಗೆ ಎಂದು ಅವನೆದುರೇ ಹೇಳಿದಂತಾಗುವುದಿಲ್ಲವೇ? ಸುರಾತ್ಮಿ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಮೊಹರು ಕೆಳಗಿಡಮ್ಮ. ತಮಾಷೆ ಅಲ್ಲ. ಅವರು ಹೋಗಿ ಬಂದಿದಾರೆ. ನಾನೂ ಜೊತೆಗಿದ್ದೆ.”